ಫೋನ್ ಇಟ್ಟ ಮೇಲೆ ಜಾಸ್ತಿ ಒಂಟಿ ಅನಿಸುತ್ತದೆ ಅಂದೆಯಲ್ಲ

ತಂಗಿ,

ನಿನ್ನ ಪತ್ರ ಓದಿದೆ. ಹಾವೇರಿ ಬಿಟ್ಟು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದೀಯ. ಇಲ್ಲಿ ನರ್ಸ್ ಅಂತ ನೋಂದಣಿ ಆಗಲು ಕೆಲಸ ಮಾಡಿ ತೋರಿಸಬೇಕಾದ ಓಸ್ಕಿ ಪರೀಕ್ಷೆ ಇನ್ನೂ ಮುಂದಿದೆ. ದಿನಾ ಮನೆಗೆ ವಿಡಿಯೋ ಕಾಲ್ ಮಾಡುತ್ತೀಯ. ಆದರೆ ಫೋನ್ ಇಟ್ಟ ಮೇಲೆ ರೂಮಿನಲ್ಲಿ ಕೂತರೆ ಮೊದಲಿಗಿಂತ ಜಾಸ್ತಿ ಒಂಟಿ ಅನಿಸುತ್ತದೆ. "ಅಕ್ಕಾ, ನಿಮಗೂ ಹಿಂಗಾಗಿತ್ತೇನು? ಹೆಂಗ ಸುಧಾರಿಸಿಕೊಂಡ್ರಿ?" ಅಂತ ಕೇಳಿದ್ದೀಯ. ಇಲ್ಲಿನ ಚಳಿ ಹೇಗೆ ಅಂತಲೂ ಕೇಳಿದ್ದೀಯ. ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಚಳಿ ದೊಡ್ಡ ವಿಷಯ ಅಲ್ಲ. ಒಳ್ಳೆ ಕೋಟು, ನೀರು ಒಳಗೆ ಬಿಡದ ಬೂಟು ಇದ್ದರೆ ಆಯ್ತು. ಕಾಡುವುದು ಕತ್ತಲೆ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಗಂಟೆಯೊಳಗೇ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಕತ್ತಲೆ, ರಾತ್ರಿ ಎಂಟಕ್ಕೆ ಹೊರಗೆ ಬಂದರೆ ಮತ್ತೆ ಕತ್ತಲೆ. ರಜೆ ಇದ್ದ ದಿನ ಮಧ್ಯಾಹ್ನ ಸುಮ್ನೆ ಮಲಗಬೇಡ, ಹೊರಗೆ ಹೋಗಿ ನಡೆ. ವಿಟಮಿನ್ ಡಿ ವಿಚಾರ ನರ್ಸ್‌ಗೆ ನಾನೇನು ಹೇಳಲಿ!

ಇನ್ನು ನಿನ್ನ ದೊಡ್ಡ ಪ್ರಶ್ನೆ. ಮನೆಯವರ ಜೊತೆ ಮಾತಾಡಿಯೂ ಹಗುರ ಆಗುವುದಿಲ್ಲ ಅಂದರೆ ಅದಕ್ಕೆ ಕಾರಣ ಇದೆ. ಆ ಮಾತಿನಲ್ಲಿ ಎರಡೂ ಕಡೆಯವರು ಮುಚ್ಚಿಡುತ್ತಾರೆ. ಅವ್ವ "ಊಟ ಆತೇನು" ಅಂತಾಳೆ. ನೀನು "ಆತು" ಅಂತೀಯ. ಆಗಿರುವುದಿಲ್ಲ. ಅಪ್ಪನಿಗೆ ಮೊಣಕಾಲು ನೋವು ಶುರುವಾಗಿದೆ, ನಿನಗೆ ಹೇಳುವುದಿಲ್ಲ. ವಾರ್ಡಿನಲ್ಲಿ ನಿನ್ನ ಮೇಲೆ ಯಾರೋ ರೇಗಿದ್ದಾರೆ, ನೀನೂ ಹೇಳುವುದಿಲ್ಲ. ಪ್ರೀತಿ ಇರುವಲ್ಲೇ ಹೀಗೆ ಆಗೋದು, ಬೇಜಾರು ಮಾಡಿಕೊಳ್ಳಬೇಡ. ಆದರೆ ಅರ್ಧ ತಾಸು ನಗುಮುಖ ಹಿಡಿದು ಕೂತರೆ ದಣಿವಾಗುತ್ತದೆ ಅಲ್ವಾ? ಅದಕ್ಕೇ ನಾನು ಹೇಳುವುದು: ಊರಿನಲ್ಲಿ ನೆಂಟರಲ್ಲದ ಒಬ್ಬರನ್ನು ಇಟ್ಟುಕೋ. ಬರೀ ಮಾತಿಗೆ ಅಲ್ಲ. ಇಬ್ಬರೂ ಸೇರಿ ಮಾಡುವಂಥದ್ದು ಏನಾದರೂ ಇರಬೇಕು, ಎಷ್ಟು ಸಣ್ಣದಾದರೂ ಸರಿ.

ನನಗೆ ಸಿಕ್ಕಿದ್ದು ಬೆಟಗೇರಿ ಅಕ್ಕ. ನಮ್ಮಿಬ್ಬರ ನಡುವೆ ಇರುವುದು ಪದಬಂಧ.

ನಾನು ಧಾರವಾಡದ ಸಪ್ತಾಪುರದವಳು. ಪದಬಂಧದ ಚಟ ಅಪ್ಪನಿಂದ ಅಂಟಿದ್ದು. ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ, ಕನ್ನಡದ ಇ-ಪೇಪರ್ ತೆಗೆದು ಬಿಡಿಸುತ್ತಿದ್ದೆ. ಪದಬಂಧದವರದೇ ಒಂದು ವಾಟ್ಸ್‌ಆ್ಯಪ್ ಗುಂಪು ಇತ್ತು. ಅಲ್ಲಿ ಒಂದು ಉತ್ತರದ ಮೇಲೆ ಅಕ್ಕನ ಜೊತೆ ವಾದ ಬಿತ್ತು. ಇಬ್ಬರೂ ಸೋಲಲಿಲ್ಲ. ಆಮೇಲೆ ಗುಂಪಿನ ತುಂಬ ಗುಡ್ ಮಾರ್ನಿಂಗ್ ಹೂವು, ದೇವರ ಚಿತ್ರಗಳೇ ತುಂಬಿಕೊಂಡವು. ನಾವಿಬ್ಬರೂ ಬೇರೆ ಮಾತಾಡಿಕೊಳ್ಳಲು ಶುರು ಮಾಡಿದೆವು. ವರ್ಷಗಳಾದವು, ಇನ್ನೂ ನಡೆದಿದೆ.

ಅಕ್ಕನ ಗಂಡನ ಮನೆಯವರು ಗದಗಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ ಟ್ರೆಡಲ್ ಪ್ರೆಸ್, ಅಂದರೆ ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರ, ನಡೆಸುತ್ತಿದ್ದರು. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಊರು, ನಿನಗೆ ಗೊತ್ತೇ ಇರುತ್ತದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಎಲ್ಲದರ ಪ್ರೂಫ್ ನೋಡುತ್ತಿದ್ದವರು ಅಕ್ಕ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಅದನ್ನೇ ನೋಡಿ ನೋಡಿ ಅವರಿಗೆ ಹಿಂದುಮುಂದಾದ ಪದ ಲೆಕ್ಕಕ್ಕೇ ಇಲ್ಲ. ನನಗೆ ಕಳಿಸಿದ ಮೊದಲನೇ ಸುಳಿವು ಇದು: "ಮುಂದಿನಿಂದ ಬಂದರೂ ಹಿಂದಿನಿಂದ ಬಂದರೂ ನಮ್ಮೂರೇ, ಮೂರು ಅಕ್ಷರ." ಗದಗ! ನಾನು ಎಷ್ಟೋ ಸಲ ಬಸ್ಸಿನ ಬೋರ್ಡಿನಲ್ಲಿ ಓದಿದ ಹೆಸರು, ಅದು ಎರಡೂ ಕಡೆಯಿಂದ ಒಂದೇ ಅಂತ ಹೊಳೆದಿರಲೇ ಇಲ್ಲ.

ದಿನಚರಿ ಹೀಗೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ಚಹಾ ಜೊತೆ ಪೇಪರ್ ಬರುತ್ತದೆ. ಆಗ ನನಗೆ ನಡುರಾತ್ರಿ. ನಾನು ಏಳುವ ಹೊತ್ತಿಗೆ ಅಕ್ಕ ಪೂರ್ತಿ ಬಿಡಿಸಿ ಫೋಟೋ ಕಳಿಸಿರುತ್ತಾರೆ. ಪೂರ್ತಿ ಅಂದರೆ ಪೂರ್ತಿ ಅಲ್ಲ. ಎರಡು ಪದದ ಮನೆಗಳನ್ನು ಖಾಲಿ ಬಿಟ್ಟಿರುತ್ತಾರೆ. ಗೊತ್ತಿಲ್ಲದೆ ಬಿಟ್ಟದ್ದಲ್ಲ, ನನ್ನ ಪಾಲು ಅದು. ಬಸ್ಸಿನಲ್ಲಿ ಕೂತು ಅದನ್ನು ತುಂಬಿ ಕಳಿಸುತ್ತೇನೆ. ಆ ನಡುವೆ ಉಳಿದ ಬದುಕು ತಾನಾಗಿ ಬಂದು ಸೇರಿಕೊಳ್ಳುತ್ತದೆ.

"ಅಡ್ಡ 14 ಆಮ್ಯಾಗ. ನಳ ಬಂದೈತಿ, ತಡಿ." ಈ ಮೆಸೇಜ್ ಎಷ್ಟು ಸಲ ಬಂದಿದೆಯೋ. ಬೆಟಗೇರಿಯಲ್ಲಿ ನಳ ದಿನಾ ಬರುವುದಿಲ್ಲ. ಬಂದಾಗ ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಲೇಬೇಕು, ಪದಬಂಧ ಕಾಯಬೇಕು. ನನ್ನ ಕಡೆಯಿಂದ ಹೋಗುವುದು ಕಸದ ಡಬ್ಬಿಯ ಸುದ್ದಿ. ಇಲ್ಲಿ ಕಪ್ಪು ಡಬ್ಬಿಗೆ ಸಾದಾ ಕಸ, ಹಸಿರಿಗೆ ಮರುಬಳಕೆಯದು, ಕಂದು ಡಬ್ಬಿಗೆ ಹಿತ್ತಲಿನ ಸೊಪ್ಪು-ಹುಲ್ಲು, ನೀನೂ ನೋಡಿರುತ್ತೀಯ. ಒಂದೊಂದಕ್ಕೆ ಒಂದೊಂದು ದಿನ. ತಪ್ಪಿದರೆ ಮುಂದಿನ ಸರದಿಯವರೆಗೆ ಕಸದ ಜೊತೆ ಸಂಸಾರ. ಇದು ಅಕ್ಕನಿಗೆ ಭಾರಿ ತಮಾಷೆ. "ನಾವು ನೀರು ಕಾಯೋದು, ನೀವು ಕಸ ಕಾಯೋದು. ಎಲ್ಲಿ ಹೋದ್ರೂ ಕಾಯೋದು ತಪ್ಪಂಗಿಲ್ಲ ನೋಡವಾ" ಅಂದಿದ್ದರು.

ಎಳ್ಳ ಅಮಾವಾಸ್ಯೆ ಬರುವ ಹೊತ್ತಿಗೆ ಇಲ್ಲಿ ಕತ್ತಲೆಯ ದಿನಗಳೇ ಇರುತ್ತವೆ. ಅಕ್ಕ ಮನೆಮಂದಿ ಜೊತೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿ ಪಲ್ಯದ ಫೋಟೋ ಕಳಿಸುತ್ತಾರೆ. ಹಿಂದೆ ಕರಿ ಮಣ್ಣು, ಆಳೆತ್ತರ ಜೋಳ, ಕಣ್ಣು ಕುಕ್ಕುವ ಬಿಸಿಲು. ಮೊದಲು ಇಂಥ ಫೋಟೋ ನೋಡಿದರೆ ಅಳು ಬರುತ್ತಿತ್ತು. ಈಗ "ಈ ಸಲ ಬಿಳಿಜೋಳ ಚಲೋ ಐತಲ್ಲ" ಅಂತ ಕೇಳುವಷ್ಟು ಗಟ್ಟಿಯಾಗಿದ್ದೇನೆ. ಯಾವಾಗ ಹಾಗಾದೆ ಅಂತ ಹೇಳಲು ಬರುವುದಿಲ್ಲ.

ಮುಖ್ಯ ಮಾತು ಇದು. ಅಕ್ಕನಿಗೆ ನಾನು ನಿಜ ಹೇಳಬಲ್ಲೆ. ಕೆಲಸ ಹೋಗುವ ಹಾಗಿತ್ತು ಒಂದು ಸಲ. ಅವ್ವನಿಗೆ ಹೇಳಿದರೆ ಆಕೆ ನಿದ್ದೆ ಬಿಡುತ್ತಿದ್ದಳು. ಅಕ್ಕನಿಗೆ "ಇವತ್ತು ಯಾಕೋ ಎರಡೂ ಹೊಳೀವಲ್ವು, ಆಫೀಸಿನ್ಯಾಗ ಗದ್ದಲ ನಡದೈತಿ" ಅಂತ ಬರೆದೆ. ಅವರು ಬುದ್ಧಿ ಹೇಳಲಿಲ್ಲ. ಮರುದಿನ ಎರಡರ ಬದಲು ಒಂದೇ ಪದ ಬಿಟ್ಟಿದ್ದರು, ಅದೂ ಸುಲಭದ್ದು.

ಇಂಥ ಗೆಳೆತನಕ್ಕೆ ಒಂದು ಕೊರತೆ ಇದೆ, ಅದನ್ನೂ ಕೇಳಿಸಿಕೋ. ಒಮ್ಮೆ ಅಕ್ಕನ ಮೆಸೇಜ್ ನಿಂತೇಹೋಯಿತು. ಫೋನ್ ಹೋಗುತ್ತಿರಲಿಲ್ಲ. ಆಗ ಗೊತ್ತಾಯ್ತು, ಅವರ ಅಡುಗೆ, ಅವರ ನಳ, ಅವರ ಮೊಮ್ಮಗನ ಶಾಲೆ ಎಲ್ಲ ಗೊತ್ತಿರುವ ನನಗೆ ಆ ಮನೆಯ ಇನ್ನೊಬ್ಬರ ನಂಬರ್ ಗೊತ್ತಿಲ್ಲ. ಯಾರನ್ನು ಕೇಳುವುದು? ಕಡೆಗೆ ಮೊಮ್ಮಗನೇ ಬರೆದ: ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಸುಳಿವು ನಾನು ಓದಿ ಹೇಳ್ತೀನಿ, ಅಜ್ಜಿ ಉತ್ತರ ಹೇಳ್ತಾರ ಅಂತ. ಅದೇ ದಿನ ಸೊಸೆಯ ನಂಬರ್ ಇಸಿದುಕೊಂಡೆ. ನೀನೂ ಇದನ್ನು ಮೊದಲೇ ಮಾಡಿಟ್ಟುಕೋ. ಮತ್ತೆ, ಆನ್‌ಲೈನ್‌ನಲ್ಲಿ ಪರಿಚಯ ಆದವರು ದುಡ್ಡಿನ ಮಾತು ತೆಗೆದರೆ ಅಲ್ಲಿಗೆ ಮುಗಿಸು. ಅದನ್ನು ಉದ್ದ ಹೇಳಬೇಕಾಗಿಲ್ಲ.

ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಬಸ್ ಹತ್ತಿ ಅವರನ್ನು ನೋಡಿಬಂದೆ. ಸಿನಿಮಾದ ಹಾಗೆ ಇರಲಿಲ್ಲ. ಇಬ್ಬರಿಗೂ ಸಂಕೋಚ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಮುಂದಿಟ್ಟುಕೊಂಡು ಪ್ರಯಾಣ ಹೇಗಿತ್ತು, ಬಿಸಿಲು ಹೇಗಿದೆ ಅಂತ ಬೀಗರ ಹಾಗೆ ಮಾತಾಡಿದೆವು. ಆಮೇಲೆ ಅಕ್ಕ ಎದ್ದು ಹೋಗಿ ಅವತ್ತಿನ ಪೇಪರ್ ತಂದು ನಡುವೆ ಹಾಕಿದರು. ಅಲ್ಲಿಂದ ಮುಂದೆ ಬಸ್ಸಿನ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಹಾಗಂತ ಬೆಟಗೇರಿ ಅಕ್ಕ ಒಬ್ಬರೇ ಸಾಕು ಅಂತ ನಾನು ಹೇಳುತ್ತಿಲ್ಲ. ಜ್ವರ ಬಂದು ಮಲಗಿದರೆ ಅವರು ಬಾಗಿಲು ತಟ್ಟುವುದಕ್ಕೆ ಆಗುತ್ತದಾ? ಇಲ್ಲಿಯೂ ಒಬ್ಬರು ಬೇಕು. ನನಗೆ ಇಲ್ಲಿ ಒಬ್ಬಳು ಸಿಕ್ಕಿದ್ದೂ ಅಕ್ಕನಿಂದಲೇ. "ಇಂಗ್ಲಿಷಿನವರು ಪದಬಂಧ ಹೆಂಗ ಮಾಡ್ತಾರ, ಕೇಳಿ ಹೇಳು" ಅಂತ ಬೆನ್ನು ಹತ್ತಿದರು. ಆಫೀಸಿನಲ್ಲಿ ಟೀ ಹೊತ್ತಿಗೆ ಒಬ್ಬಾಕೆ ದಿನಾ ಪೇಪರ್ ಮಡಚಿಕೊಂಡು ಕ್ರಿಪ್ಟಿಕ್ ಕ್ರಾಸ್‌ವರ್ಡ್ ಬಿಡಿಸುತ್ತಿದ್ದಳು. ಜೊತೆಗೆ ಕೆಲಸ ಮಾಡುತ್ತಿದ್ದರೂ ಹಲೋ ಬಿಟ್ಟರೆ ಮಾತಿರಲಿಲ್ಲ. ಅಕ್ಕನ ಕಾಟಕ್ಕೆ ಹೋಗಿ ಕೇಳಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು! ಸುಳಿವಿನ ಒಂದು ತುದಿಯಲ್ಲಿ ನೇರ ಅರ್ಥ ಇರುತ್ತದೆ, ಉಳಿದದ್ದು ಅಕ್ಷರದ ಆಟ ಅಂತ ಕಲಿಸಿದಳು. ಕ್ರಾಸ್‌ವರ್ಡ್ ಮೊದಲು ಮಾಡಿದ ಆರ್ಥರ್ ವಿನ್ ಲಿವರ್‌ಪೂಲ್‌ನವನು, ಆದರೆ ಮಾಡಿದ್ದು ಅಮೆರಿಕಕ್ಕೆ ಹೋದ ಮೇಲೆ, 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು ಅಂತ ಹೇಳಿದವಳೂ ಅವಳೇ. ಅವನೂ ಊರು ಬಿಟ್ಟು ಹೋದವನೇ, ನಮ್ಮ ಪೈಕಿ! ಲಂಡನ್ನಿನ ಟೈಮ್ಸ್ ಪತ್ರಿಕೆ ಇದನ್ನು ಶುರು ಮಾಡಿದ್ದು 1930ರಲ್ಲಿ.

ಇದನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ ಇಪ್ಪತ್ತಾರು ಅಕ್ಷರದಲ್ಲಿ ಒಂದು ಕೂತರೆ ಆಯ್ತು. ನಮ್ಮಲ್ಲಿ ಕ, ಕಾ, ಕ್ಕಿ ಎಲ್ಲ ಬೇರೆ ಬೇರೆ, ಅಡ್ಡ ಉದ್ದ ಕೂಡುವ ಕಡೆ ಕಾಗುಣಿತ, ಒತ್ತು ಎಲ್ಲ ಹೊಂದಬೇಕು. "ಅವರದು ಸಸಾರ ಬಿಡು" ಅಂದರು ಅಕ್ಕ. ಎರಡು ದಿನ ಬಿಟ್ಟು ಆ ದಾರಿಯಲ್ಲೇ ಒಂದು ಸುಳಿವು ಮಾಡಿ ಕಳಿಸಿದರು: "ತಲೆ ಬದಲಾದರೆ ಹೊಳೆ, ಏಲಕ್ಕಿ ಹಾರದ ಊರು, ಮೂರು ಅಕ್ಷರ." ನೀನು ಎಲ್ಲಿಯವಳು ಅಂತ ನೋಡಿದರೆ ಉತ್ತರ ನಾನು ಹೇಳಬೇಕಾಗಿಲ್ಲ.

ಆಫೀಸಿನ ಆ ಗೆಳತಿಯ ಹತ್ತಿರವೇ ಈಗ ನನ್ನ ಮನೆಯ ಇನ್ನೊಂದು ಕೀಲಿ ಇದೆ.

ನಿನಗೆ ಪದಬಂಧವೇ ಆಗಬೇಕು ಅಂತೇನಿಲ್ಲ. ನೀನು ಕಸೂತಿ ಹಾಕುತ್ತೀಯ ಅಂತ ಬರೆದಿದ್ದೀಯಲ್ಲ, ಅದಕ್ಕಿಂತ ಏನು ಬೇಕು? ಹಾವೇರಿಯಲ್ಲಿ ನಿನಗೆ ಗವಂತಿ, ಮುರಗಿ ಹೊಲಿಗೆ ಹಾಕಲು ಕಲಿಸಿದವರು ಇದ್ದರೆ ಅವರಿಗೆ ಒಂದು ಫೋಟೋ ಕಳಿಸಿ ನೋಡು. "ಹೇಗಿದ್ದೀರಿ" ಅಂತ ಬರೆಯಬೇಡ. "ಈ ಎಳೆ ಎಲ್ಲಿ ತಪ್ಪೇತಿ" ಅಂತ ಕೇಳು.

ಸಣ್ಣಪುಟ್ಟ ಎರಡು ಮಾತು. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಊರಿಗೂ ಇಲ್ಲಿಗೂ ನಾಲ್ಕೂವರೆ ತಾಸಿನ ಅಂತರ ಐದೂವರೆ ಆಗುತ್ತದೆ. ಅವ್ವನಿಗೆ ಮೊದಲೇ ತಿಳಿಸು, ಇಲ್ಲದಿದ್ದರೆ ಫೋನ್ ಹಿಡಿದು ಕಾಯುತ್ತಾಳೆ. ಯಾರಾದರೂ ಬರುವವರ ಕೈಯಲ್ಲಿ ಪೇಡೆ ಕಳಿಸುತ್ತೇನೆ ಅಂದರೆ ಬೇಡ ಅನ್ನು, ಹಾಲಿನ ಪದಾರ್ಥ ತರುವ ಹಾಗಿಲ್ಲ. ಧಾರವಾಡದವಳಾಗಿ ಇದನ್ನು ಬರೆಯಲು ನನಗೆ ಎಷ್ಟು ಸಂಕಟ ಅಂತ ನಿನಗೆ ಅರ್ಥ ಆಗುತ್ತದೆ.

ಓಸ್ಕಿ ಮುಗಿದ ಮೇಲೆ ಒಂದು ಭಾನುವಾರ ಮನೆಗೆ ಬಾ. ಬ್ಯಾಡಗಿ ಖಾರದ ಪುಡಿ ತಂದಿದ್ದರೆ ಸ್ವಲ್ಪ ತಗೊಂಡು ಬಾ, ನನ್ನದು ಮುಗಿಯುತ್ತಾ ಬಂದಿದೆ. ಜೋಳದ ಹಿಟ್ಟು ಇಲ್ಲಿನ ಗುಜರಾತಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹಳೇ ಹಿಟ್ಟು, ಜಿಗಿ ಇರುವುದಿಲ್ಲ, ಬಡಿಯುವಾಗ ಹರಿಯುತ್ತದೆ. ಅದಕ್ಕೆ ಮೊದಲೇ ಹೇಳಿದ್ದೇನೆ, ಆಮೇಲೆ ನನ್ನ ರೊಟ್ಟಿ ನೋಡಿ ನಗಬೇಡ.