ಇನ್ಸಿಡಿಯಸ್: ನಮ್ಮ ಮನೆಯಲ್ಲಿ ಯಾರು ಎಲ್ಲಿ ಹೆದರಿದರು

ನೀವು ಕೇಳಿದ್ದು ಇಷ್ಟು: ‘ಇನ್ಸಿಡಿಯಸ್’ ಅನ್ನುವ ಹಾಲಿವುಡ್ ದೆವ್ವದ ಸಿನಿಮಾ ನೋಡಿದ ಕೆಲವರು ಜನ್ಮದಲ್ಲಿ ಇಷ್ಟು ಹೆದರಿಲ್ಲ ಅನ್ನುತ್ತಾರೆ, ಇನ್ನು ಕೆಲವರು ಅರ್ಧ ಆದಮೇಲೆ ಬರೀ ಕಾಮಿಡಿ ಅನ್ನುತ್ತಾರೆ. ಯಾರ ಮಾತು ನಂಬಬೇಕು, ಮನೆಯವರ ಜೊತೆ ಕೂತು ನೋಡಬಹುದಾ?

ನೋಡಬಹುದು. ಮನೆಯವರ ಜೊತೆಗೇ ನೋಡಿ. ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನಾನೂ ‘ಏನೂ ಇಲ್ಲ’ ಅನ್ನುವವರ ಪಾರ್ಟಿ. ಎರಡನೇ ಸಲ ರಾತ್ರಿ ಬಚ್ಚಲಿಗೆ ಹೋಗೋಕೂ ಅತ್ತೆಯನ್ನು ಎಬ್ಬಿಸಿದೆ.

ನಮ್ಮದು ಮೂಡಿಗೆರೆ ಕಡೆ, ಸಣ್ಣ ಕಾಫಿ ತೋಟ. ಮೊದಲ ಸಲ ನೋಡಿದ್ದು ಜುಲೈ ತಿಂಗಳಲ್ಲಿ, ಒಬ್ಬಳೇ, ಮೊಬೈಲಿನಲ್ಲಿ. ಮೂರು ದಿನದಿಂದ ಒಂದೇ ಸಮ ಮಳೆ. ನಾನು ಕೂತಿದ್ದ ಹಿಂದಿನ ರೂಮಿಗೆ ಶೀಟು ಹೊದಿಸಿದೆ. ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರು ಮಾತಾಡಿದ್ದೂ ಕೇಳುವುದಿಲ್ಲ. ಚಿತ್ರದಲ್ಲಿ ಏನೇನೋ ಮುಖ ಬಂತು, ಹೋಯಿತು. ಎರಡು ಸಲ ಕರೆಂಟು ಹೋಗಿ ನೆಟ್ಟೂ ನಿಂತಿತು. ಇದಕ್ಕಾ ಜನ ಹೆದರಿದ್ದು ಅನ್ನಿಸಿ ಸುಮ್ನೆ ಮಲಗಿದೆ.

ಆಮೇಲೆ ಗೊತ್ತಾಯಿತು, ನಾನು ನೋಡಿದ್ದೆ, ಕೇಳಿರಲಿಲ್ಲ. ಈ ಚಿತ್ರ ಮಾಡಿದ್ದು ಸುಮಾರು 15 ಲಕ್ಷ ಡಾಲರಿನಲ್ಲಿ. ಆಗಿನ ಲೆಕ್ಕಕ್ಕೆ 7 ಕೋಟಿ ರೂಪಾಯಿಯ ಆಸುಪಾಸು. ಹಾಲಿವುಡ್ಡಿಗೆ ಅದು ಏನೇನೂ ಅಲ್ಲ. ಗ್ರಾಫಿಕ್ಸಿಗೆ ಸುರಿಯೋಕೆ ದುಡ್ಡಿಲ್ಲ, ಹಾಗಾಗಿ ಭಯ ಹುಟ್ಟಿಸುವ ಕೆಲಸವನ್ನೆಲ್ಲ ಶಬ್ದದ ಮೇಲೆ ಹೊರಿಸಿದ್ದಾರೆ. ಪಿಟೀಲನ್ನು ನುಡಿಸಿದ ಹಾಗೆ ಅಲ್ಲ, ಉಗುರಲ್ಲಿ ಕೆರೆದ ಹಾಗೆ ಕೇಳಿಸುತ್ತದೆ. ಆ ಸಂಗೀತ ಮಾಡಿದ ಜೋಸೆಫ್ ಬಿಷಾರಾ ಅವರೇ ಚಿತ್ರದ ಕೆಂಪು ಮುಖದ ಪಿಶಾಚಿಯ ಪಾತ್ರವನ್ನೂ ಮಾಡಿದ್ದಾರೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ, ಮಳೆಯ ಗದ್ದಲದಲ್ಲಿ ನೋಡಿ ‘ಹೆದರಿಕೆ ಆಗಲಿಲ್ಲ’ ಅಂದರೆ ತಪ್ಪು ಚಿತ್ರದ್ದಲ್ಲ. ಈಗ ಯಾರಾದರೂ ಹಾಗೆ ಬರೆದದ್ದು ಕಂಡರೆ ನನಗೆ ಮೊದಲು ಬರುವ ಪ್ರಶ್ನೆ, ಇವರು ಎಲ್ಲಿ ಕೂತು ನೋಡಿದರು ಅಂತ.

ಎರಡನೇ ಸಲ ನೋಡಿದ್ದು ಜನವರಿಯಲ್ಲಿ. ಕಾಫಿ ಕೊಯ್ಲಿನ ಸಮಯ. ಸಂಜೆ ಹಣ್ಣು ಅಳೆದು, ಆಳುಗಳು ಮನೆಗೆ ಹೋದಮೇಲೆ ಇಡೀ ತೋಟ ನಿಶ್ಶಬ್ದ. ಚಳಿಗೆ ನಾಯಿಯೂ ಬೊಗಳುವುದಿಲ್ಲ. ತಂಗಿ ಬಂದಿದ್ದಳು. ಅವಳೇ ಟಿವಿಗೆ ಸ್ಪೀಕರ್ ಜೋಡಿಸಿ ಹಾಕಿದಳು. ಅತ್ತೆ, ನಮ್ಮ ಮನೆಯವರು, ತಂಗಿ, ನಾನು, ನಾಲ್ಕು ಜನ ಒಂದೇ ಕಂಬಳಿಯಲ್ಲಿ.

ಕಥೆ ಗೊತ್ತಿಲ್ಲದಿದ್ದರೆ ಇಷ್ಟು ಸಾಕು. ಜಾಶ್ ಸ್ಕೂಲ್ ಮೇಷ್ಟ್ರು, ಹೆಂಡತಿ ರೆನೆ ಹಾಡು ಕಟ್ಟುವವಳು, ಮೂರು ಮಕ್ಕಳು. ಹೊಸ ಮನೆಗೆ ಬಂದಿದ್ದಾರೆ. ದೊಡ್ಡ ಮಗ ಡಾಲ್ಟನ್ ಅಟ್ಟದಲ್ಲಿ ಏಣಿಯಿಂದ ಬೀಳುತ್ತಾನೆ. ಮಾರನೇ ದಿನ ಬೆಳಗ್ಗೆ ಏಳುವುದೇ ಇಲ್ಲ. ಡಾಕ್ಟರಿಗೂ ಕಾರಣ ತಿಳಿಯುವುದಿಲ್ಲ. ಮೂರು ತಿಂಗಳಾದ ಮೇಲೆ ಹುಡುಗನನ್ನು ಹಾಗೇ ಮನೆಗೆ ತರುತ್ತಾರೆ.

ಆ ಹುಡುಗನ ಮೂಗಿಗೆ ಟ್ಯೂಬು ಹಾಕಿ ಮಲಗಿಸಿದ್ದನ್ನು ನೋಡಿದ್ದೇ ತಡ, ಅತ್ತೆ ಕಣ್ಣೊರೆಸಿಕೊಂಡರು. ನಮ್ಮ ಮಾವನವರು ಸ್ಟ್ರೋಕ್ ಆಗಿ ಎಂಟು ತಿಂಗಳು ಮಲಗಿದ್ದರು. ದಿನಕ್ಕೆ ಐದು ಸಲ ಟ್ಯೂಬಿನಲ್ಲಿ ಗಂಜಿ ತಿಳಿ ಕೊಟ್ಟವರು ಅತ್ತೆ. ಟ್ಯೂಬಿಗೆ ಗಾಳಿ ಹೋಗದ ಹಾಗೆ ಬೆರಳಲ್ಲಿ ಮಡಿಸಿ ಹಿಡಿಯುವುದನ್ನು ಆಗ ನಾನೂ ಕಲಿತಿದ್ದೆ. ಮೊದಲ ಸಲ ಈ ದೃಶ್ಯ ನನಗೆ ಬರೀ ದೆವ್ವದ ಕಥೆಗೆ ಪೀಠಿಕೆ ಅನ್ನಿಸಿತ್ತು. ಅತ್ತೆಯ ಪಕ್ಕ ಕೂತಾಗ ಮಾತ್ರ ಗೊತ್ತಾಯಿತು, ಕಥೆಯೇ ಅದು. ಮನೆಯೊಳಗೆ ಒಬ್ಬರು ಉಸಿರಾಡುತ್ತಾ ಮಲಗಿದ್ದಾರೆ, ಆದರೆ ಅವರು ಅಲ್ಲಿಲ್ಲ. ಇದಕ್ಕಿಂತ ದೊಡ್ಡ ಭಯ ಯಾವ ದೆವ್ವ ತರುತ್ತದೆ ಹೇಳಿ.

ಇನ್ನೊಂದು ದೃಶ್ಯ ಹೇಳಲೇಬೇಕು. ಡಾಲ್ಟನ್ ತಮ್ಮ ಫಾಸ್ಟರ್, ಸಣ್ಣ ಹುಡುಗ, ಅಮ್ಮನ ಹತ್ತಿರ ನನಗೆ ಬೇರೆ ರೂಮು ಬೇಕು ಅನ್ನುತ್ತಾನೆ. ಯಾಕೆ ಅಂದರೆ, ಅಣ್ಣ ರಾತ್ರಿ ಓಡಾಡುವುದು ನನಗೆ ಇಷ್ಟ ಇಲ್ಲ ಅನ್ನುತ್ತಾನೆ. ಅಷ್ಟೇ. ಮುಖ ಇಲ್ಲ, ನೆರಳಿಲ್ಲ, ದೊಡ್ಡ ಶಬ್ದವೂ ಇಲ್ಲ. ಒಂದು ಮಗುವಿನ ಒಂದು ಮಾತು. ಇಂಥದ್ದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ತಂಗಿ ನನ್ನ ತೋಳು ಗಟ್ಟಿಯಾಗಿ ಹಿಡಿದದ್ದು ಆಗ, ಕೆಂಪು ಮುಖ ಬಂದಾಗ ಅಲ್ಲ. ಕಡಿಮೆ ದುಡ್ಡಿನ ಹಾರರ್ ಚಿತ್ರ ಮಾಡಬೇಕು ಅಂತಿರುವ ನಮ್ಮ ಹುಡುಗರು ಈ ಒಂದು ದೃಶ್ಯವನ್ನು ಹತ್ತು ಸಲ ನೋಡಬೇಕು.

ಕೆಂಪು ಮುಖ ಬರುವುದು ಹಾಡುಹಗಲು. ಅಜ್ಜಿ ಲೊರೇನ್ ಊಟದ ಮೇಜಿನ ಹತ್ತಿರ ಕೂತು ತನಗೆ ಬಿದ್ದ ಕನಸು ಹೇಳುತ್ತಿರುತ್ತಾಳೆ, ಎದುರಿಗೆ ಮಗ ಕೂತಿರುತ್ತಾನೆ. ಕತ್ತಲೆ ಬಂದರೆ ತಾನೇ ಹೆದರಬೇಕು ಅಂತ ನಾವು ಆರಾಮಾಗಿ ಕೂತಿರುತ್ತೇವೆ. ಮುಂದಿನದು ನಾನು ಹೇಳುವುದಿಲ್ಲ.

ಇನ್ನು, ದೆವ್ವದ ಸಿನಿಮಾ ನೋಡುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದಿದೆ ಅಲ್ವಾ, ಇಷ್ಟೆಲ್ಲ ಆದರೂ ಇವರು ಮನೆ ಬಿಟ್ಟು ಯಾಕೆ ಹೋಗುವುದಿಲ್ಲ ಅಂತ. ಇಲ್ಲಿ ಹೋಗುತ್ತಾರೆ! ಹೆಂಡತಿ ಅತ್ತುಕೊಂಡು ಕೇಳಿದ್ದಕ್ಕೆ ಗಂಡ ಮನೆ ಖಾಲಿ ಮಾಡುತ್ತಾನೆ. ನಮ್ಮ ಮನೆಯವರು ‘ಒಳ್ಳೇ ಕೆಲಸ ಮಾಡಿದ’ ಅಂದರು. ಹೊಸ ಮನೆಗೆ ಹೋದರೆ ಅಲ್ಲೂ ಅದೇ. ತೊಂದರೆ ಇದ್ದದ್ದು ಮನೆಯಲ್ಲಲ್ಲ, ಮಗನಲ್ಲಿ. ಇಲ್ಲಿಂದಲೇ ಜನರ ಅಭಿಪ್ರಾಯ ಎರಡಾಗುವುದು.

ದೆವ್ವಗಳ ಜೊತೆ ಮಾತಾಡಬಲ್ಲ ಎಲೀಸ್ ಅನ್ನುವ ಹೆಂಗಸು ಬರುತ್ತಾಳೆ, ಲಿನ್ ಶೇ ಮಾಡಿದ ಪಾತ್ರ. ಹುಡುಗನ ಜೀವ ನಿದ್ದೆಯಲ್ಲಿ ಮೈ ಬಿಟ್ಟು ದೂರ ಹೋಗಿದೆ, ವಾಪಸ್ ಬರೋಕೆ ದಾರಿ ಗೊತ್ತಾಗುತ್ತಿಲ್ಲ, ಖಾಲಿ ಮೈಗೆ ಬೇರೆಯವರು ಕಾಯುತ್ತಿದ್ದಾರೆ ಅನ್ನುತ್ತಾಳೆ. ಆಮೇಲೆ ಮುಖಕ್ಕೆ ಗ್ಯಾಸ್ ಮಾಸ್ಕ್ ಥರದ್ದು ಹಾಕಿಕೊಂಡು ಕೂರುತ್ತಾಳೆ. ಒಳಗಿಂದ ಏನೋ ಪಿಸುಗುಟ್ಟುತ್ತಾಳೆ, ಪಕ್ಕದಲ್ಲಿರುವವನು ಅದನ್ನು ಕೇಳಿ ಬರೆದುಕೊಂಡು ಗಟ್ಟಿಯಾಗಿ ಹೇಳುತ್ತಾನೆ. ಆ ಪಾತ್ರ ಮಾಡಿದವರು ಲೀ ವಾನೆಲ್, ಈ ಚಿತ್ರದ ಕಥೆ ಬರೆದವರು. ಹೊರದೇಶದ ಎಷ್ಟೋ ಜನ ಇಲ್ಲಿ ನಕ್ಕಿದ್ದಾರೆ. ಮೊದಲ ಸಲ ನಾನೂ ನಕ್ಕಿದ್ದೆ.

ಅತ್ತೆ ನಗಲಿಲ್ಲ. ‘ನಿಮಿತ್ತ ಕೇಳಿದ ಹಾಗೇ ಇದೆಯಲ್ಲೇ’ ಅಂದರು. ನಮ್ಮ ಕಡೆ ಮೈಮೇಲೆ ಬಂದವರು ಬಾಯೊಳಗೇ ಏನೋ ಹೇಳುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಅದನ್ನು ಬಿಡಿಸಿ ಮನೆಯವರಿಗೆ ಹೇಳುತ್ತಾರೆ. ಮಾವನವರು ಮಲಗಿದ್ದಾಗ ಅತ್ತೆಯೂ ಅಂಥ ಕಡೆ ಕೈ ಮುಗಿದು ಕೂತು ಬಂದಿದ್ದರು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದಮೇಲೆ ಮನುಷ್ಯ ಎಲ್ಲ ಬಾಗಿಲೂ ತಟ್ಟುತ್ತಾನೆ. ನನಗೆ ಇದರಲ್ಲೆಲ್ಲ ನಂಬಿಕೆ ಕಡಿಮೆ. ಆದರೆ ಆ ದೃಶ್ಯದಲ್ಲಿ ಮೊದಲ ಸಲ ನಾನು ಗ್ಯಾಸ್ ಮಾಸ್ಕನ್ನು ನೋಡಿದ್ದೆ, ಅತ್ತೆ ಮೇಜಿನ ಆ ಕಡೆ ಕೂತಿದ್ದ ತಾಯಿಯ ಮುಖ ನೋಡುತ್ತಿದ್ದರು. ಎರಡನೇ ಸಲ ನಾನೂ ಆ ಮುಖವನ್ನೇ ನೋಡಿದೆ. ತಾಯಿಯ ಪಾತ್ರ ಮಾಡಿದ ರೋಸ್ ಬರ್ನ್ ಅಲ್ಲಿ ಒಂದು ಮಾತೂ ಜಾಸ್ತಿ ಆಡುವುದಿಲ್ಲ. ಕಣ್ಣಲ್ಲಿ ಒಂದು ಆಸೆ, ಅಷ್ಟೇ. ಕಾಮಿಡಿ ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಇದು ಕಾಮಿಡಿ ಅಲ್ಲ.

ಜಾಶ್ ಪಾತ್ರ ಸಪ್ಪೆ ಅನ್ನುವವರೂ ಇದ್ದಾರೆ. ಮನೆಯಲ್ಲಿ ಹೆಂಡತಿ ಒಬ್ಬಳೇ ಒದ್ದಾಡುತ್ತಿರುವಾಗ ಇವನು ಪೇಪರ್ ತಿದ್ದುವ ನೆಪ ಮಾಡಿ ಸ್ಕೂಲಿನಲ್ಲೇ ರಾತ್ರಿ ಮಾಡುತ್ತಾನೆ. ನೋಡುವಾಗ ನಮ್ಮ ಮನೆಯವರು ಸುಮ್ಮನಾಗಿಬಿಟ್ಟರು. ಮಾವ ಮಲಗಿದ್ದ ಕಾಲದಲ್ಲಿ ಅವರೂ ಕತ್ತಲಾದರೂ ಕಾಫಿ ಕಣದಲ್ಲೇ ಇರುತ್ತಿದ್ದರು, ಕೆಲಸ ಇಲ್ಲದಿದ್ದರೂ. ಅದೇ ಜಾಶ್, ಮಗನ ರೂಮಿನ ಗೋಡೆಗೆ ಅಂಟಿಸಿದ ಚಿತ್ರಗಳನ್ನು ಒಂದೊಂದಾಗಿ ನೋಡುವ ಜಾಗ ಬರುತ್ತದೆ. ರಾತ್ರಿ ತಾನು ಮೈ ಬಿಟ್ಟು ಹಾರಿಹೋಗುವುದನ್ನು ಮಗು ಬರೆದಿಟ್ಟಿರುತ್ತದೆ. ಅಷ್ಟು ದಿನ ಕಣ್ಣೆದುರೇ ಇತ್ತು, ಅಪ್ಪ ನೋಡಿರಲಿಲ್ಲ. ಜಾಶ್ ಪಾತ್ರ ಮಾಡಿದ ಪ್ಯಾಟ್ರಿಕ್ ವಿಲ್ಸನ್ ಅಲ್ಲಿ ಅಳುವುದು ನನಗೆ ಸಪ್ಪೆ ಅನ್ನಿಸಲೇ ಇಲ್ಲ.

ಬೈಯುವವರ ಮಾತಿನಲ್ಲಿ ನಾನು ಒಪ್ಪುವುದೂ ಒಂದಿದೆ. ಕೊನೆಯ ಭಾಗದಲ್ಲಿ, ಆ ಹುಡುಗ ಸಿಕ್ಕಿಬಿದ್ದ ಜಾಗಕ್ಕೆ ಹೋದಮೇಲೆ, ಪಿಶಾಚಿಯನ್ನು ಪೂರ್ತಿ ತೋರಿಸಿಬಿಡುತ್ತಾರೆ. ಕೂತುಕೊಂಡು ಉಗುರು ಮಸೆಯುತ್ತದೆ. ಒಂದು ಕ್ಷಣ ಕಂಡಾಗ ಎದೆ ನಡುಗಿಸಿದ ಮುಖ ಐದು ನಿಮಿಷ ಕಂಡರೆ ಬರೀ ಬಣ್ಣ. ದುಡ್ಡು ಕಡಿಮೆ ಇದ್ದದ್ದು ಗೊತ್ತಾಗುವುದು ಅಲ್ಲೇ. ಹೊಗೆ, ಲಾಟೀನು, ಕತ್ತಲೆ, ಇಷ್ಟರಲ್ಲೇ ಇನ್ನೊಂದು ಲೋಕ ಕಟ್ಟಿದ್ದಾರೆ. ನನಗೆ ಆ ಲಾಟೀನು ಇಷ್ಟವಾಯಿತು, ಉಗುರು ಇಷ್ಟವಾಗಲಿಲ್ಲ.

ನಿರ್ದೇಶಕ ಜೇಮ್ಸ್ ವಾನ್ ಅವರೂ ಲೀ ವಾನೆಲ್ ಅವರೂ 2004ರಲ್ಲಿ ‘ಸಾ’ ಅನ್ನುವ ಚಿತ್ರ ಮಾಡಿ ರಕ್ತಪಾತಕ್ಕೇ ಹೆಸರಾಗಿದ್ದವರು. ಇದರಲ್ಲಿ ರಕ್ತ ಇಲ್ಲವೇ ಇಲ್ಲ ಅನ್ನಬಹುದು, ಹಾಸಿಗೆ ಬಟ್ಟೆಯ ಮೇಲಿನ ಒಂದು ಅಂಗೈ ಗುರುತು ಬಿಟ್ಟರೆ. 2010ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ತೋರಿಸಿ, 2011ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದರು. ಎಲ್ಲ ದೇಶ ಸೇರಿ ಸುಮಾರು 10 ಕೋಟಿ ಡಾಲರ್ ಗಳಿಸಿತು. ಬರೀ ಕಾಮಿಡಿ ಆಗಿದ್ದರೆ ಜನ ಇಷ್ಟು ದುಡ್ಡು ಕೊಟ್ಟು ಹೋಗುತ್ತಿರಲಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ. ಅಮೆರಿಕದಲ್ಲೇ 13 ವರ್ಷದ ಒಳಗಿನವರ ಅಪ್ಪ ಅಮ್ಮನಿಗೆ ಎಚ್ಚರಿಕೆ ಕೊಡುವ ಸರ್ಟಿಫಿಕೇಟು ಅದಕ್ಕೆ. ನಮ್ಮ ಮಗನಿಗೆ ಒಂಬತ್ತು ವರ್ಷ, ನಾನು ತೋರಿಸಲಿಲ್ಲ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅಥವಾ ಹಾಗೆ ಮಲಗಿದ್ದವರು ಹೋಗಿ ಇನ್ನೂ ವರ್ಷ ತುಂಬಿಲ್ಲದಿದ್ದರೆ, ಈಗ ಬೇಡ. ಇದನ್ನು ದೆವ್ವದ ಭಯಕ್ಕೆ ಹೇಳುತ್ತಿಲ್ಲ.

ಉಳಿದಂತೆ, ಮಳೆ ಇಲ್ಲದ ರಾತ್ರಿ ನೋಡಿ. ಸ್ಪೀಕರ್ ಇರಲಿ, ಫೋನು ಬೇರೆ ರೂಮಿನಲ್ಲಿರಲಿ. ಮರುದಿನ ರಾತ್ರಿಯನ್ನೂ ಬಿಡುವಾಗಿ ಇಟ್ಟುಕೊಳ್ಳಿ. 2013ರಲ್ಲಿ ಬಂದ ಎರಡನೇ ಭಾಗ ಇದು ಮುಗಿದಲ್ಲಿಂದಲೇ ಕಥೆ ಮುಂದುವರಿಸುತ್ತದೆ. ನಮ್ಮನೆಯಲ್ಲಿ ಮಾರನೇ ದಿನ ಸಂಜೆ ಕಾಫಿ ಹಣ್ಣಿನ ಲೆಕ್ಕ ಮುಗಿಯುವ ಮೊದಲೇ ಅತ್ತೆ ಬಂದು ಟಿವಿ ಹಾಕು ಅಂದರು.