ಕಲಾಯಿಯ ಬಿಳಿ ಹೊಗೆ ಮತ್ತು ಆಮ್ಲದ ಮೂರು ವ್ಯಾಖ್ಯೆಗಳು

ಹತ್ತನೇ ತರಗತಿಯಲ್ಲಿ ಆಮ್ಲಕ್ಕೆ ಒಂದೇ ವ್ಯಾಖ್ಯೆ, ಪಿಯುಸಿಗೆ ಬಂದರೆ ಮೂರು. ಮಗಳಿಗೆ ಪಾಠ ಹೇಳಿಕೊಡುವಾಗ ಇದರಿಂದ ಗೊಂದಲವಾಯಿತೆಂದು ಬರೆದಿದ್ದೀರಿ. "ಮೊದಲು ಕಲಿತದ್ದು ತಪ್ಪಾಗಿದ್ದರೆ ಕಲಿಸಿದ್ದಾದರೂ ಯಾಕೆ?" ಎಂಬ ನಿಮ್ಮ ಪ್ರಶ್ನೆ ನನಗೆ ತುಂಬ ಹಿಡಿಸಿತು. ಮೊದಲು ಕಲಿತದ್ದು ತಪ್ಪಲ್ಲ. ಅದಕ್ಕೊಂದು ಗಡಿ ಇದೆ. ಆ ಗಡಿಯನ್ನು ನಾವು ಮಕ್ಕಳಿಗೆ ಸರಿಯಾಗಿ ತೋರಿಸುವುದಿಲ್ಲ.

ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1880ರ ದಶಕದಲ್ಲಿ ನೀರಿನಲ್ಲಿ ಕರಗಿದ ವಸ್ತುಗಳು ವಿದ್ಯುತ್ತನ್ನು ಹೇಗೆ ಹರಿಸುತ್ತವೆ ಎಂದು ನೋಡುತ್ತಿದ್ದರು. ಹಾಗಾಗಿ ಹತ್ತನೇ ತರಗತಿಯಲ್ಲಿ ಕಲಿಯುವ ಅವರ ವ್ಯಾಖ್ಯೆಯೂ ನೀರಿಗೇ ಸೇರಿದ್ದು. ನೀರಿನಲ್ಲಿ ಹೈಡ್ರೋಜನ್ ಅಯಾನು (ವಿದ್ಯುದಂಶವಿರುವ ಕಣ) ಕೊಟ್ಟರೆ ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಟ್ಟರೆ ಪ್ರತ್ಯಾಮ್ಲ. 'ನೀರಿನಲ್ಲಿ' ಎಂಬ ಪದವನ್ನು ಬಿಟ್ಟು ಬಾಯಿಪಾಠ ಮಾಡಿಸಿದರೆ ಮುಂದೆ ತೊಂದರೆಯೇ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೀವು ನೋಡಿರಬಹುದು. ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿ ಉಜ್ಜಿದ ಕೂಡಲೇ ದಟ್ಟ ಬಿಳಿ ಹೊಗೆ ಏಳುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಅಮೋನಿಯಾ, ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡ್ ಪಾತ್ರೆಯ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುತ್ತದೆ. ಆಗಲೇ ತವರ ಚೆನ್ನಾಗಿ ಹಿಡಿಯುವುದು. ಉಳಿದ ಅನಿಲಗಳು ಮೇಲೇರಿ, ತಣಿದು, ಮತ್ತೆ ಕೂಡಿ ನವಸಾಗರದ ಸಣ್ಣ ಕಣಗಳಾಗುತ್ತವೆ. ಹೊಗೆಯಾಗಿ ಕಾಣುವುದು ಅದೇ. ಆಮ್ಲ, ಪ್ರತ್ಯಾಮ್ಲ ಸೇರಿ ಲವಣವಾಯಿತು, ಅಲ್ವಾ? ಆದರೆ ಇಲ್ಲಿ ದ್ರಾವಣವೇ ಇಲ್ಲ. ಅಮೋನಿಯಾದಲ್ಲಿ ಹೈಡ್ರಾಕ್ಸೈಡೂ ಇಲ್ಲ. ಇರುವುದು ಒಂದು ನೈಟ್ರೋಜನ್, ಮೂರು ಹೈಡ್ರೋಜನ್, ಅಷ್ಟೇ.

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್, ಇಂಗ್ಲೆಂಡಿನ ಲೌರಿ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಕಲಾಯಿಯ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಕೊಡುತ್ತದೆ, ಅಮೋನಿಯಾ ತೆಗೆದುಕೊಳ್ಳುತ್ತದೆ. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಅಮೋನಿಯಾ ಕೆಂಪು ಲಿಟ್ಮಸನ್ನು ನೀಲಿ ಮಾಡುವ ಗುಟ್ಟು ಇದರಿಂದ ಬಿಡಿಸಿಕೊಳ್ಳುತ್ತದೆ. ಅದು ನೀರಿನಿಂದಲೇ ಪ್ರೋಟಾನ್ ಎಳೆದುಕೊಳ್ಳುತ್ತದೆ. ಉಳಿಯುವ ಹೈಡ್ರಾಕ್ಸೈಡ್ ನೀರಿನದು! ಅಮೋನಿಯಾದ ಎದುರು ಆಮ್ಲವಾಗುವ ನೀರು, ಹೈಡ್ರೋಜನ್ ಕ್ಲೋರೈಡಿನ ಎದುರು ಪ್ರತ್ಯಾಮ್ಲವಾಗುತ್ತದೆ.

ಅದೇ ವರ್ಷ ಅಮೆರಿಕದ ಲೂಯಿಸ್ ಪ್ರೋಟಾನನ್ನೂ ಬದಿಗಿಟ್ಟರು. ಎಲೆಕ್ಟ್ರಾನ್ ಜೋಡಿಯನ್ನು ಪಡೆಯುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಎಂದರು. ಹೈಡ್ರೋಜನ್ನೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್ ಹೀಗೆ ಆಮ್ಲಗಳ ಸಾಲಿಗೆ ಬಂತು. ಆದರೆ ಈ ಆಮ್ಲಗಳನ್ನೆಲ್ಲ ಅಳೆಯಲು ಪಿಎಚ್‌ನಂಥ ಒಂದೇ ಅಳತೆಗೋಲು ಸಿಗುವುದಿಲ್ಲ. ಜೊತೆಗಾರ ಬದಲಾದರೆ ಬಲದ ಲೆಕ್ಕವೂ ಬದಲಾಗುತ್ತದೆ.

ಆದ್ದರಿಂದ ಹತ್ತನೇ ತರಗತಿಯ ವ್ಯಾಖ್ಯೆಯನ್ನು ಮರೆಯಲು ಮಗಳಿಗೆ ಹೇಳಬೇಡಿ. ಅದರ ಮುಂದೆ 'ನೀರಿನಲ್ಲಿ' ಎಂದು ಬರೆದುಕೊಳ್ಳಲಿ. ಕಲಾಯಿ ಹಾಕುವವರು ನಿಮ್ಮೂರಿಗೆ ಬಂದರೆ ಅವಳನ್ನು ಕರೆದುಕೊಂಡು ಹೋಗಿ ತೋರಿಸಿ. ಹೊಗೆ ಬೀಸುವ ಕಡೆ ಮಾತ್ರ ನಿಲ್ಲಬೇಡಿ.