ಫಿಲ್ಟರ್ ತೊಳೆದ ಮೇಲೆ ನೀರು ಮಬ್ಬಾಗಿದ್ದಕ್ಕೆ
ನಾಲ್ಕು ಗೋಲ್ಡ್‌ಫಿಶ್ ಇರೋ ಎರಡಡಿ ಮೀನಿನ ತೊಟ್ಟಿಯ ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದೆ, ಮೂರನೇ ದಿನಕ್ಕೆ ನೀರು ಹಾಲಿನ ಹಾಗೆ ಮಬ್ಬಾಯಿತು, ಈಗ ಏನು ಮಾಡಲಿ, ಹೊಸ ಫಿಲ್ಟರ್ ಯಾವುದು ತಗೊಳ್ಳಲಿ ಅಂದಿದ್ದೀರಿ. ಕಾರಣ ಬಹುತೇಕ ಅದೇ. ನಲ್ಲಿ ನೀರಿನ ಕ್ಲೋರಿನ್‌ಗೆ ಸ್ಪಂಜಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ತಿಂದು ಮುಗಿಸ್ತಾ ಇದ್ದದ್ದು ಅವೇ. ನಿಮ್ಮದು ಕ್ಲೋರಿನ್ ಹಾಕದ ಬೋರ್‌ವೆಲ್ ನೀರಾಗಿದ್ದರೆ ಮಾತ್ರ ಬೇರೆ ಕಾರಣ ಇರಬಹುದು, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡಿದರೆ ಗೊತ್ತಾಗುತ್ತೆ.

ಮೊದಲು ಎರಡು ದಿನ ಊಟ ನಿಲ್ಲಿಸಿ, ಗೋಲ್ಡ್‌ಫಿಶ್‌ಗೆ ಏನೂ ಆಗಲ್ಲ. ದಿನಾ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯೋ ದ್ರಾವಣ) ಹಾಕಿಯೇ ಸುರಿಯಿರಿ. ಪೂರ್ತಿ ನೀರು ಮಾತ್ರ ಚೆಲ್ಲಬೇಡಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ದರೆ ಕಾಯದೆ ಅವತ್ತೇ ಅರ್ಧ ನೀರು ಬದಲಿಸಿ, ಏರ್ ಪಂಪ್ ಹಾಕಿ.

ಎರಡಡಿ ತೊಟ್ಟಿ ಅಂದರೆ ಸುಮಾರು 50 ಲೀಟರ್, ಅದರಲ್ಲಿ ನಾಲ್ಕು ಗೋಲ್ಡ್‌ಫಿಶ್ ನಿಜವಾಗಲೂ ಜಾಸ್ತಿ, ಎರಡನ್ನು ಯಾರಿಗಾದರೂ ಕೊಡೋದು ಒಳ್ಳೇದು. ಹೊಸ ಫಿಲ್ಟರ್ ಗಂಟೆಗೆ 400-500 ಲೀಟರ್ ಎಳೆಯೋದು ತಗೊಳ್ಳಿ, ಸ್ಪಂಜಿನ ಹಿಂದೆ ಸೆರಾಮಿಕ್ ರಿಂಗ್ (ಒಳ್ಳೆಯ ಬ್ಯಾಕ್ಟೀರಿಯಾ ಕೂರೋ ಪಿಂಗಾಣಿ ಉಂಗುರಗಳು) ಹಾಕೋಕೆ ಜಾಗ ಇರಲಿ. ಹಳೇ ಸ್ಪಂಜನ್ನು ಎಸೆಯದೆ ಹೊಸ ಫಿಲ್ಟರ್ ಜೊತೆಗೇ ಒಂದೂವರೆ ತಿಂಗಳು ಓಡಿಸಿ.

ಫಿಲ್ಟರನ್ನು ರಾತ್ರಿ ಆಫ್ ಮಾಡಬೇಡಿ. ಮುಂದೆ ಸ್ಪಂಜ್ ತೊಳೆಯೋವಾಗ ತೊಟ್ಟಿಯದೇ ನೀರನ್ನು ಬಕೆಟ್‌ಗೆ ತೆಗೆದು, ಅದರಲ್ಲಿ ನಾಲ್ಕೈದು ಸಲ ಹಿಂಡಿ. ಚಹಾ ಬಣ್ಣದ ನೀರು ಬಿಡುತ್ತೆ. ಅಷ್ಟು ಸಾಕು, ಬೆಳ್ಳಗಾಗೋವರೆಗೂ ಉಜ್ಜಬೇಡಿ.